ಮುರಿದ ಕೊಂಬೆ ಮತ್ತು ಹೂಗಳ ನಡುವಿನ ನಾಯಕಿ: ರೆದೋನ್‌ನ ‘ಒಫೀಲಿಯಾ’ ಚಿತ್ರದ ಒಂದು ಮಲೆನಾಡು ಓದು

೧. ಪ್ರವೇಶ

ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕಕ್ಕೂ ಮಲೆನಾಡಿನ ಬಿದನೂರು ಸೀಮೆಗೂ ಇರುವ ನಂಟು ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಹೊಸದಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು ೧೯೩೨ರ ‘ರಕ್ತಾಕ್ಷಿ’ ನಾಟಕದಲ್ಲಿ ಡೆನ್ಮಾರ್ಕಿನ ಅರಮನೆಯ ಕಥೆಯನ್ನು ಕೆಳದಿ ಅರಸರ ಕೊನೆಯ ರಾಜಧಾನಿಯಾದ ಬಿದನೂರಿಗೆ ತಂದರು. ಮೂಲದ ಒಫೀಲಿಯಾ ಅಲ್ಲಿ ರುದ್ರಾಂಬೆಯಾದಳು. ೧೭೬೩ರಲ್ಲಿ ಹೈದರಾಲಿಯ ವಶವಾಗಿ ಮುಂದೆ ನಗರವೆಂಬ ಹೆಸರು ಪಡೆದ ಆ ಬಿದನೂರು ಇಂದಿನ ಹೊಸನಗರ ತಾಲ್ಲೂಕಿನಲ್ಲಿದೆ. ಅಲ್ಲಿಂದ ಕೊಲ್ಲೂರಿನತ್ತ ಹೊರಟವರಿಗೆ ಹೆಸರಿನಲ್ಲಿಯೇ ಸಂಪಿಗೆಯನ್ನು ಧ್ವನಿಸುವ ಸಂಪೆಕಟ್ಟೆಯೂ ಕೊಡಚಾದ್ರಿಯ ಮಗ್ಗುಲಿನ ನಿಟ್ಟೂರೂ ಎದುರಾಗುತ್ತವೆ. ಹೀಗೆ ಒಫೀಲಿಯಾ ಈ ಸೀಮೆಗೆ ಪರಕೀಯಳಲ್ಲ; ಬೇರೊಂದು ಹೆಸರಿನಲ್ಲಿ ಈಗಾಗಲೇ ಇಲ್ಲಿಗೆ ಬಂದು ಹೋದವಳು.

ಇದೇ ಒಫೀಲಿಯಾಳನ್ನು ಹೂಗಳ ನಡುವೆ ಕನಸಿನಂತೆ ಕಾಣಿಸಿದ ಚಿತ್ರವೊಂದಿದೆ. ಫ್ರಾನ್ಸಿನ ಸಂಕೇತವಾದಿ ಕಲಾವಿದ ಓದಿಲೋನ್ ರೆದೋನ್ ಸುಮಾರು ೧೯೦೫-೦೮ರ ಅವಧಿಯಲ್ಲಿ ರಚಿಸಿದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ‘ಹೂಗಳ ನಡುವೆ ಒಫೀಲಿಯಾ’ ಎಂಬುದೇ ಆ ಚಿತ್ರ. ಅದರ ಬಣ್ಣ, ಅದರ ಸ್ವಪ್ನಸದೃಶ ಗುಣ, ಅದರ ಮೌನ ಇವುಗಳ ಬಗೆಗೆ ಪಾಶ್ಚಾತ್ಯ ಕಲಾವಿಮರ್ಶೆ ಸಾಕಷ್ಟು ಹೇಳಿದೆ. ಆದರೆ ಹೂವನ್ನೂ ಹೆಣ್ಣನ್ನೂ ಒಟ್ಟಿಗೆ ನೆನೆಯುವ ದೀರ್ಘವಾದ ಮೌಖಿಕ ಪರಂಪರೆಯುಳ್ಳ ನಾಡೊಂದು ಈ ಚಿತ್ರವನ್ನು ಯಾವ ಅಳತೆಗೋಲಿನಿಂದ ಅಳೆಯಬಹುದು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಕನ್ನಡದ ಜನಪದ ಕಥನ ಮತ್ತು ಮಲೆನಾಡಿನ ಹೆಂಗಸರ ಚಿತ್ತಾರ ಪರಂಪರೆಯ ಬೆಳಕಿನಲ್ಲಿ ರೆದೋನ್‌ನ ಚಿತ್ರವನ್ನು ಬೆಲೆಗಟ್ಟುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಎರಡು ಪರಂಪರೆಗಳ ನಡುವೆ ಪ್ರಭಾವದ ಎಳೆಗಳನ್ನು ಹುಡುಕುವುದು ಇಲ್ಲಿನ ಕೆಲಸವಲ್ಲ. ಒಂದು ನಾಡಿನ ಚಿತ್ರಕ್ಕೆ ಇನ್ನೊಂದು ನಾಡಿನ ಕಥೆ ಯಾವ ಪ್ರಶ್ನೆಯನ್ನು ಕೇಳಬಲ್ಲದು ಎಂಬುದಷ್ಟೇ ಇಲ್ಲಿನ ವಿಚಾರ.

೨. ನಾಟಕದ ಎರಡು ದೃಶ್ಯಗಳು

‘ಹ್ಯಾಮ್ಲೆಟ್’ ನಾಟಕದಲ್ಲಿ ಒಫೀಲಿಯಾ ಹೂಗಳ ಸಂಗಡ ಕಾಣಿಸಿಕೊಳ್ಳುವುದು ಎರಡು ಸಂದರ್ಭಗಳಲ್ಲಿ. ಎರಡೂ ನಾಲ್ಕನೆಯ ಅಂಕಕ್ಕೆ ಸೇರಿದವು. ಸ್ವಭಾವದಲ್ಲಿ ಮಾತ್ರ ಒಂದಕ್ಕೊಂದು ತೀರ ಭಿನ್ನ.

ಮೊದಲನೆಯದು ಐದನೆಯ ದೃಶ್ಯ. ತಂದೆ ಕೊಲೆಯಾಗಿದ್ದಾನೆ, ಪ್ರಿಯಕರ ದೂರವಾಗಿದ್ದಾನೆ, ಬುದ್ಧಿ ಚದುರಿದೆ. ಆ ಸ್ಥಿತಿಯಲ್ಲಿ ಅವಳು ಅರಮನೆಯ ಮಂದಿಗೆ ಹೂವು, ಸೊಪ್ಪುಗಳನ್ನು ಹಂಚುತ್ತಾಳೆ. ಒಂದೊಂದರ ಹೆಸರನ್ನೂ ಹೇಳುತ್ತಾಳೆ. ಇದು ನೆನಪಿಗೆ, ಇದು ಯೋಚನೆಗೆ, ಇದು ಪಶ್ಚಾತ್ತಾಪಕ್ಕೆ ಎಂಬಂತೆ ಅವುಗಳ ಅರ್ಥವನ್ನೂ ಸೂಚಿಸುತ್ತಾಳೆ. ತಂದೆ ಸತ್ತ ದಿನ ನೇರಳೆ ಬಣ್ಣದ ಒಂದು ಬಗೆಯ ಹೂಗಳೆಲ್ಲ ಬಾಡಿಹೋದವೆಂದು ಹೇಳುತ್ತಾಳೆ. ಯಾವ ಹೂವು ಯಾರ ಕೈಗೆ ಸೇರಿತೆಂಬುದನ್ನು ನಾಟಕದ ಪಠ್ಯ ಹೇಳುವುದಿಲ್ಲವಾದರೂ ಕೊಲೆಗಡುಕನ ಆಸ್ಥಾನದಲ್ಲಿ ಪಶ್ಚಾತ್ತಾಪದ ಸೊಪ್ಪನ್ನು ಹಂಚುವ ಹುಡುಗಿಯ ಮಾತು ಕೇವಲ ಹುಚ್ಚಿಯ ಪ್ರಲಾಪವಲ್ಲವೆಂಬುದು ಸ್ಪಷ್ಟ. ಬಾಯಿಬಿಟ್ಟು ಆಡಲಾಗದ ಆರೋಪವನ್ನು ಅವಳು ಹೂಗಳ ಮೂಲಕ ಆಡುತ್ತಿದ್ದಾಳೆ. ಹೆಣ್ಣುಮಕ್ಕಳ ನಡುವೆ ಬಾಯಿಂದ ಬಾಯಿಗೆ ಬಂದ ಸಸ್ಯಜ್ಞಾನ ಇಲ್ಲಿ ಅವಳಿಗೆ ಉಳಿದಿರುವ ಒಂದೇ ಭಾಷೆ.

ಎರಡನೆಯದು ಏಳನೆಯ ದೃಶ್ಯ. ಇಲ್ಲಿ ಒಫೀಲಿಯಾ ರಂಗದ ಮೇಲಿಲ್ಲ. ಅವಳ ಸಾವನ್ನು ರಾಣಿ ಗರ್ಟ್ರೂಡ್ ವರದಿ ಮಾಡುತ್ತಾಳೆ. ತೊರೆಗೆ ಬಾಗಿದ ಮರವೊಂದಕ್ಕೆ ತಾನು ಕಟ್ಟಿದ ಹೂದಂಡೆಗಳನ್ನು ತೂಗುಹಾಕಲು ಒಫೀಲಿಯಾ ಹತ್ತಿದಳು, ಕೊಂಬೆ ಮುರಿಯಿತು, ಅವಳು ನೀರಿಗೆ ಬಿದ್ದಳು, ಬಟ್ಟೆ ಹರಡಿಕೊಂಡು ಸ್ವಲ್ಪ ಹೊತ್ತು ಹಾಡುತ್ತ ತೇಲಿದಳು, ಅನಂತರ ಬಟ್ಟೆ ನೀರುಂಡು ಭಾರವಾಗಿ ಅವಳನ್ನು ಕೆಸರಿಗೆ ಎಳೆಯಿತು ಎಂಬುದು ರಾಣಿಯ ಮಾತಿನ ಸಾರ. ಇದೆಲ್ಲವನ್ನು ದಡದಲ್ಲಿ ನಿಂತು ನೋಡಿದವರು ಯಾರು, ನೋಡಿಯೂ ಕೈಚಾಚದೆ ಇದ್ದುದೇಕೆ ಎಂಬ ಪ್ರಶ್ನೆಗೆ ನಾಟಕದಲ್ಲಿ ಉತ್ತರವಿಲ್ಲ. ಜಾನಪದ ಅಧ್ಯಯನಕಾರರು ಗಮನಿಸಬೇಕಾದ ಒಂದು ಸಂಗತಿ ಇದೇ ವರದಿಯಲ್ಲಿದೆ. ದಂಡೆಯಲ್ಲಿದ್ದ ಒಂದು ಹೂವಿಗೆ ಕುರಿ ಕಾಯುವವರು ಒರಟು ಹೆಸರೊಂದನ್ನು ಇಟ್ಟಿದ್ದಾರೆಂದೂ ಕನ್ನೆಯರು ಅದನ್ನು ಸತ್ತವರ ಬೆರಳೆಂಬ ಅರ್ಥದ ಬೇರೆ ಹೆಸರಿನಿಂದ ಕರೆಯುತ್ತಾರೆಂದೂ ರಾಣಿ ಹೇಳುತ್ತಾಳೆ. ಒಂದೇ ಹೂವಿಗೆ ಎರಡು ಜನವರ್ಗಗಳು ಇಟ್ಟ ಎರಡು ಹೆಸರುಗಳು ಹೀಗೆ ಸಾವಿನ ವರದಿಯಲ್ಲಿಯೂ ದಾಖಲಾಗಿವೆ.

ಮೊದಲ ದೃಶ್ಯದಲ್ಲಿ ನಾಯಕಿ ಹೂಗಳ ಮೂಲಕ ಮಾತನಾಡುತ್ತಾಳೆ. ಎರಡನೆಯದರಲ್ಲಿ ಅವಳನ್ನು ಕುರಿತು ಬೇರೆಯವರು ಮಾತನಾಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಪ್ರಸಿದ್ಧ ಒಫೀಲಿಯಾ ಚಿತ್ರಗಳಿಗೆ ಹೆಚ್ಚಾಗಿ ವಸ್ತುವಾದುದು ಈ ಎರಡನೆಯ ದೃಶ್ಯವೇ.

೩. ರೆದೋನ್‌ಗಿಂತ ಮೊದಲಿನ ಚಿತ್ರಗಳು

ಫ್ರಾನ್ಸಿನ ದೆಲಕ್ರುವಾ ೧೮೩೮ರಿಂದ ಮೊದಲ್ಗೊಂಡು ಒಫೀಲಿಯಾಳ ಸಾವನ್ನು ಹಲವು ಬಾರಿ ಚಿತ್ರಿಸಿದ್ದಾನೆ. ಅವನ ಒಫೀಲಿಯಾ ನೀರಿಗೆ ಜಾರುತ್ತಿರುವಾಗಲೂ ಒಂದು ಕೈಯಿಂದ ಕೊಂಬೆಯನ್ನು ಹಿಡಿದಿದ್ದಾಳೆ. ಬದುಕಿನ ಕಡೆಗೆ ಚಾಚಿದ ಆ ಕೈಯಿಂದಾಗಿ ಚಿತ್ರಕ್ಕೆ ನಾಟಕೀಯತೆ ಬಂದಿದೆ.

ಇಂಗ್ಲೆಂಡಿನ ಜಾನ್ ಎವರೆಟ್ ಮಿಲೇ ೧೮೫೧-೫೨ರಲ್ಲಿ ರಚಿಸಿದ ‘ಒಫೀಲಿಯಾ’ ಇವೆಲ್ಲಕ್ಕಿಂತ ಪ್ರಸಿದ್ಧವಾದುದು. ಮಿಲೇ ಸರ‍್ರೆ ಪ್ರಾಂತ್ಯದ ಹಾಗ್ಸ್‌ಮಿಲ್ ಹೊಳೆಯ ದಡದಲ್ಲಿ ತಿಂಗಳುಗಟ್ಟಲೆ ಕುಳಿತು ಹಿನ್ನೆಲೆಯ ಒಂದೊಂದು ಎಲೆ, ಒಂದೊಂದು ಹೂವನ್ನೂ ಕಂಡಂತೆ ಬರೆದನು. ಅನಂತರ ಲಂಡನ್ನಿನಲ್ಲಿ ಎಲಿಜಬೆತ್ ಸಿಡಲ್ ಎಂಬ ತರುಣಿಯನ್ನು ನೀರು ತುಂಬಿದ ಸ್ನಾನದ ತೊಟ್ಟಿಯಲ್ಲಿ ಮಲಗಿಸಿ ನಾಯಕಿಯ ದೇಹವನ್ನು ಚಿತ್ರಿಸಿದನು. ನೀರನ್ನು ಬೆಚ್ಚಗಿಡಲು ತೊಟ್ಟಿಯ ಕೆಳಗೆ ಇಟ್ಟ ದೀಪಗಳು ಆರಿಹೋಗಿ ಆಕೆ ಶೀತದಿಂದ ಕಾಯಿಲೆ ಬಿದ್ದ ಸಂಗತಿ ಕಲಾಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಮಿಲೇಯ ಹೂಗಳನ್ನು ಸಸ್ಯಶಾಸ್ತ್ರಜ್ಞರು ಒಂದೊಂದಾಗಿ ಗುರುತಿಸಬಲ್ಲರು. ಆದರೆ ಹೂಗಳು ಇಷ್ಟು ಸ್ಪಷ್ಟವಾದಷ್ಟೂ ನಾಯಕಿ ಅವುಗಳೊಂದಿಗೆ ತೇಲುವ ಇನ್ನೊಂದು ಸುಂದರ ವಸ್ತುವಾಗಿಬಿಡುತ್ತಾಳೆ. ಚಿತ್ರದೊಳಗಿನ ಸಾವಿಗೂ ಚಿತ್ರದ ಹೊರಗಿನ ರೂಪದರ್ಶಿಯ ಕಷ್ಟಕ್ಕೂ ಒಂದೇ ಬಗೆಯ ನೋಟ ಕಾರಣವೆಂಬುದನ್ನು ಮರೆಯುವಂತಿಲ್ಲ.

ಇದೇ ಶತಮಾನದ ಭಾರತದಲ್ಲಿಯೂ ಸಾಹಿತ್ಯದ ನಾಯಕಿಯರು ಚಿತ್ರಪಟಕ್ಕೆ ಇಳಿಯುತ್ತಿದ್ದರು. ರೆದೋನ್‌ನ ಸಮಕಾಲೀನನಾದ ರಾಜಾ ರವಿವರ್ಮ (೧೮೪೮-೧೯೦೬) ಕಾಳಿದಾಸನ ಶಕುಂತಲೆಯನ್ನು ಮತ್ತೆ ಮತ್ತೆ ಚಿತ್ರಿಸಿದನು. ೧೮೯೪ರಲ್ಲಿ ಸ್ಥಾಪಿತವಾದ ಅವನ ಮುದ್ರಣಾಲಯದ ಅಚ್ಚುಚಿತ್ರಗಳ ಮೂಲಕ ಇಂಥ ನಾಯಕಿಯರು ಸಾಮಾನ್ಯರ ಮನೆಯ ಗೋಡೆಗಳನ್ನೂ ಸೇರಿದರು. ಕಾಲಿಗೆ ಮುಳ್ಳು ಚುಚ್ಚಿದ ನೆಪದಲ್ಲಿ ದುಷ್ಯಂತನತ್ತ ಹೊರಳಿ ನೋಡುವ ಶಕುಂತಲೆಯ ಚಿತ್ರದಲ್ಲಿ ಕಾಡು, ಬಳ್ಳಿ, ಸಖಿಯರು ಎಲ್ಲರೂ ಕಥೆಯ ಒಂದು ಗಳಿಗೆಯನ್ನು ನಿರೂಪಿಸಲು ದುಡಿಯುತ್ತಾರೆ. ಕಥೆ ತಿಳಿಯದವನಿಗೆ ಆ ಚಿತ್ರ ಅರ್ಧ ಮಾತ್ರ ತೆರೆದುಕೊಳ್ಳುತ್ತದೆ. ರೆದೋನ್ ಹಿಡಿದ ದಾರಿ ಇದಕ್ಕೆ ತೀರ ವಿರುದ್ಧವಾದುದು.

೪. ರೆದೋನ್: ಕಪ್ಪಿನಿಂದ ಬಣ್ಣಕ್ಕೆ

ಓದಿಲೋನ್ ರೆದೋನ್ (೧೮೪೦-೧೯೧೬) ಹುಟ್ಟಿದ್ದು ಫ್ರಾನ್ಸಿನ ಬೋರ್ದೋ ನಗರದಲ್ಲಿ. ಬಾಲ್ಯದ ಬಹುಭಾಗವನ್ನು ಅವನು ಕಳೆದದ್ದು ಮೆದೋಕ್ ಪ್ರದೇಶದ ಪೇರಲಬಾದ್ ಎಂಬಲ್ಲಿದ್ದ ಕುಟುಂಬದ ಜಮೀನಿನಲ್ಲಿ, ಒಂಟಿಯಾಗಿ. ಬೋರ್ದೋದ ಸಸ್ಯಶಾಸ್ತ್ರಜ್ಞ ಅರ್ಮಾನ್ ಕ್ಲಾವೋ ಅವನ ಮೇಲೆ ಗಾಢ ಪ್ರಭಾವ ಬೀರಿದನು. ಸಸ್ಯಜೀವನಕ್ಕೂ ಪ್ರಾಣಿಜೀವನಕ್ಕೂ ನಡುವಿನ ಗಡಿಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಶೋಧಿಸುತ್ತಿದ್ದ ಕ್ಲಾವೋ ತರುಣ ರೆದೋನ್‌ಗೆ ಡಾರ್ವಿನ್ನನ ವಿಚಾರಗಳನ್ನೂ ಪೋ ಮತ್ತು ಬೋದಿಲೇರ್ ಅವರ ಸಾಹಿತ್ಯವನ್ನೂ ಪರಿಚಯಿಸಿದನು. ಹೂವೂ ಮುಖವೂ ಒಂದರೊಳಗೊಂದು ಬೆರೆಯುವ ರೆದೋನ್‌ನ ಚಿತ್ರಲೋಕದ ಬೇರು ಈ ಸ್ನೇಹದಲ್ಲಿದೆ.

ಐವತ್ತರ ಪ್ರಾಯ ಸಮೀಪಿಸುವವರೆಗೂ ರೆದೋನ್ ಹೆಚ್ಚಾಗಿ ಇದ್ದಿಲು ಮತ್ತು ಕಲ್ಲಚ್ಚಿನ ಕಪ್ಪು ಚಿತ್ರಗಳಲ್ಲಿಯೇ ತೊಡಗಿದ್ದನು. ೧೮೭೯ರಲ್ಲಿ ಕನಸನ್ನೇ ಹೆಸರಾಗಿಸಿಕೊಂಡ ಕಲ್ಲಚ್ಚಿನ ಸಂಪುಟವನ್ನು ಹೊರತಂದನು. ಜೀವದ ಉಗಮವನ್ನು ಕುರಿತ ೧೮೮೩ರ ಸಂಪುಟದಲ್ಲಿ ಹೂವಿನ ನಡುವೆ ಕಣ್ಣೊಂದು ತೆರೆದಿರುವ ಚಿತ್ರವಿದೆ. ಲೋಕದ ಮೊದಲ ನೋಟ ಹೂವಿನಲ್ಲಿ ಮೂಡಿರಬಹುದೆಂಬ ಕಲ್ಪನೆ ಅದರ ಹಿಂದಿದೆ. ೧೮೮೪ರಲ್ಲಿ ಹ್ಯುಸ್ಮಾನ್ಸ್ ತನ್ನ ಕಾದಂಬರಿಯೊಂದರಲ್ಲಿ ಈ ಕಪ್ಪು ಚಿತ್ರಗಳನ್ನು ಪ್ರಸ್ತಾಪಿಸಿದ್ದರಿಂದ ರೆದೋನ್‌ಗೆ ಸಾಹಿತ್ಯ ವಲಯದಲ್ಲಿ ಹೆಸರು ಬಂದಿತು. ೧೮೮೬ರಲ್ಲಿ ಜಾನ್ ಮೊರೇಆಸ್ ಸಂಕೇತವಾದದ ಪ್ರಣಾಳಿಕೆಯನ್ನು ಪ್ರಕಟಿಸಿದಾಗ ಆ ಪಂಥದ ಕವಿಗಳಿಗೆ ರೆದೋನ್ ತಮ್ಮವನಾಗಿ ಕಂಡನು. ವಸ್ತುವನ್ನು ಹೆಸರಿಸದೆ ಸೂಚಿಸುವುದು, ಹೊರಗಿನ ಘಟನೆಯ ಬದಲು ಒಳಗಿನ ಸ್ಥಿತಿಯನ್ನು ಮೂಡಿಸುವುದು ಈ ಪಂಥದ ಮುಖ್ಯ ಧೋರಣೆ. ೧೮೯೦ರ ‘ಮುಚ್ಚಿದ ಕಣ್ಣುಗಳು’ ಚಿತ್ರದ ಅನಂತರ ಬಣ್ಣ ಅವನ ಕೃತಿಗಳನ್ನು ತುಂಬತೊಡಗಿತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅವನು ಹೂಗಳ ಚಿತ್ರಕಾರನಾಗಿ ಪ್ರಸಿದ್ಧನಾಗಿದ್ದನು.

೫. ಚಿತ್ರದ ಸ್ವರೂಪ

‘ಹೂಗಳ ನಡುವೆ ಒಫೀಲಿಯಾ’ ಕಾಗದದ ಮೇಲೆ ಪ್ಯಾಸ್ಟೆಲ್‌ನಲ್ಲಿ ರಚಿತವಾದ, ಸುಮಾರು ೬೪ ಸೆಂ.ಮೀ. ಎತ್ತರ, ೯೧ ಸೆಂ.ಮೀ. ಅಗಲದ ಚಿತ್ರ. ಪ್ಯಾಸ್ಟೆಲ್ ಎಂದರೆ ಅತ್ಯಲ್ಪ ಅಂಟಿನಿಂದ ಹಿಡಿದಿಟ್ಟ ಒಣ ಬಣ್ಣದ ಕಡ್ಡಿ. ಅದು ಕಾಗದದ ಮೇಲೆ ಪುಡಿಯಾಗಿ ನಿಲ್ಲುತ್ತದೆ. ಬೆರಳಿನಿಂದ ತೀಡಿದರೆ ಅಂಚು ಅಳಿಸಿ ಬಣ್ಣ ಬಣ್ಣಕ್ಕೆ ಸೇರುತ್ತದೆ. ರೂಪಗಳು ಕರಗುವ, ತೇಲುವ ಭಾವಕ್ಕೆ ಈ ಮಾಧ್ಯಮ ಸಹಜವಾಗಿಯೇ ಒದಗುತ್ತದೆ.

ಚಿತ್ರದಲ್ಲಿ ಒಫೀಲಿಯಾಳ ಮುಖಪಾರ್ಶ್ವವೇ ಪ್ರಧಾನ. ದೇಹದ ಉಳಿದ ಭಾಗ ಬಣ್ಣದೊಳಗೆ ಲೀನವಾಗಿದೆ. ಕೈಗಳಿಗೆ ಇಲ್ಲಿ ಪ್ರಾಧಾನ್ಯವಿಲ್ಲ. ಹೂಗಳು ಮುಖಕ್ಕಿಂತ ಉಜ್ವಲವಾಗಿ, ಆಕಾಶವೋ ನೀರೋ ತಿಳಿಯದ ಹಿನ್ನೆಲೆಯಲ್ಲಿ ಹರಡಿಕೊಂಡಿವೆ. ದಡವಿಲ್ಲ, ಬಾಗಿದ ಮರವಿಲ್ಲ, ಮುರಿದ ಕೊಂಬೆಯಿಲ್ಲ. ಹೆಸರನ್ನು ತೆಗೆದುಹಾಕಿದರೆ ಇದು ಸಾವಿನ ಚಿತ್ರವೆಂದು ಹೇಳಲು ಯಾವ ಆಧಾರವೂ ಉಳಿಯುವುದಿಲ್ಲ.

ಈ ಚಿತ್ರದ ಹುಟ್ಟಿನ ಬಗೆಗೆ ವಿದ್ವಾಂಸರು ಮುಂದಿಟ್ಟಿರುವ ಅಭಿಪ್ರಾಯವೊಂದು ಇಲ್ಲಿ ಬಹಳ ಮುಖ್ಯವಾದುದು. ಇದು ಮೊದಲು ಹೂದಾನಿಯ ನೇರವಾದ ಚಿತ್ರವಾಗಿ ಆರಂಭವಾಗಿದ್ದಿರಬೇಕು, ಅನಂತರ ಕಲಾವಿದ ಕಾಗದವನ್ನು ಅಡ್ಡಲಾಗಿ ತಿರುಗಿಸಿ ಒಫೀಲಿಯಾಳ ರೂಪವನ್ನು ಸೇರಿಸಿರಬೇಕು ಎಂದು ಅವರು ಭಾವಿಸುತ್ತಾರೆ. ಈ ಅಭಿಪ್ರಾಯವನ್ನು ಒಪ್ಪಿದರೆ ಮಿಲೇ ಮತ್ತು ರೆದೋನ್ ನಡುವಿನ ಅಂತರ ತಿಳಿಯಾಗುತ್ತದೆ. ಮಿಲೇಯ ಚಿತ್ರದಲ್ಲಿ ನಾಯಕಿಯ ಕಥೆಗಾಗಿ ಹೂಗಳು ಬಂದಿವೆ. ರೆದೋನ್‌ನಲ್ಲಿ ಹೂಗಳು ಮೊದಲು. ಅವುಗಳ ಒಳಗಿನಿಂದ ನಾಯಕಿ ಮೂಡಿದ್ದಾಳೆ. ಹೂದಾನಿಯನ್ನು ಅಡ್ಡ ಮಲಗಿಸಿದಾಗ ಅದು ನೀರಾಯಿತು, ಹೂಗೊಂಚಲು ಒಬ್ಬ ಹೆಣ್ಣುಮಗಳ ಕನಸಾಯಿತು.

೬. ಹೆಸರುಳ್ಳ ಹೂವು

ಮಲೆನಾಡಿನ ಕಣ್ಣಿಗೆ ಈ ಚಿತ್ರದಲ್ಲಿ ಮೊದಲು ಎದ್ದು ಕಾಣುವ ಕೊರತೆ ಹೂಗಳ ಹೆಸರಿನದು. ರೆದೋನ್‌ನ ಹೂಗಳಲ್ಲಿ ಹಲವನ್ನು ಇಂಥದೇ ಎಂದು ಗುರುತಿಸುವುದು ಕಷ್ಟ. ಸಂಕೇತವಾದದ ದೃಷ್ಟಿಯಿಂದ ಇದು ಗುಣ. ಜಾನಪದದ ದೃಷ್ಟಿಯಿಂದ ಮಾತ್ರ ಹೆಸರಿಲ್ಲದ ಹೂವು ಸಂಬಂಧವಿಲ್ಲದ ಹೂವು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹೆಂಗಸರಿಗೆ ಹೂವೆಂಬುದು ಬಣ್ಣದ ರಾಶಿಯಲ್ಲ. ಒಣಗಿದರೂ ಪರಿಮಳ ಬಿಡದ ಸುರಗಿ, ರಂಜ. ಮುಳ್ಳಿನ ನಡುವಿನಿಂದ ಕೀಳಬೇಕಾದ ಕೇದಿಗೆ. ಎತ್ತರದ ಮರದ ಸಂಪಿಗೆ. ಪ್ರತಿಯೊಂದಕ್ಕೂ ಒಂದು ಕಾಲವಿದೆ, ಕೀಳುವ ಕ್ರಮವಿದೆ, ಯಾರು ಯಾವಾಗ ಮುಡಿಯಬೇಕೆಂಬ ಕಟ್ಟಳೆಯಿದೆ. ಬಸುರಿಗೆ ಹೂವು ಮುಡಿಸುವುದೇ ಒಂದು ಶಾಸ್ತ್ರ. ಅದಕ್ಕೆ ಅದರದೇ ಹಾಡುಗಳಿವೆ.

ಇಲ್ಲಿಯೂ ಕಾವ್ಯದ ನಾಯಕಿಯೊಬ್ಬಳು ಹೂವಿನಲ್ಲಿ ನೆಲಸಿದ್ದಾಳೆ. ಮಳೆಗಾಲ ಹಿಡಿಯುವ ಹೊತ್ತಿಗೆ ಮರದ ಕೊಂಬೆಗಳಿಂದ ಜಡೆಯಂತೆ ಇಳಿಬಿಡುವ, ಬಿಳಿಯ ಮೇಲೆ ನಸುನೇರಳೆ ಚುಕ್ಕೆಗಳ ಆರ್ಕಿಡ್ ಹೂವನ್ನು ಮಲೆನಾಡಿಗರು ಸೀತಾಳೆ ದಂಡೆ ಎನ್ನುತ್ತಾರೆ. ವನವಾಸದ ಕಾಲದಲ್ಲಿ ಸೀತೆ ಇದನ್ನು ಮುಡಿದಿದ್ದಳೆಂಬುದು ಜನರ ನಂಬಿಕೆ. ಒಡವೆಗಳನ್ನೆಲ್ಲ ಬಿಟ್ಟು ಕಾಡಿಗೆ ಬಂದ ಅರಸುಮಗಳಿಗೆ ಕಾಡೇ ದಂಡೆಯನ್ನು ಕಟ್ಟಿಕೊಟ್ಟಿತೆಂಬ ಭಾವ ಆ ಹೆಸರಿನಲ್ಲಿದೆ. ಹೂವನ್ನು ಹೆಸರಿಸಿದ ಕೂಡಲೇ ಕಥೆ ನೆನಪಾಗುತ್ತದೆ. ಅದನ್ನು ಮುಡಿದ ಹುಡುಗಿ ಒಂದು ಗಳಿಗೆ ಸೀತೆಯ ಜೊತೆಗಾತಿಯಾಗುತ್ತಾಳೆ. ಒಫೀಲಿಯಾ ನಾಟಕದಲ್ಲಿ ಮಾಡಿದ್ದೂ ಇಂಥದೇ ಕೆಲಸ: ಹೂವಿನ ಹೆಸರನ್ನು ಹೇಳಿ ಅದರೊಳಗಿನ ನೆನಪನ್ನು ಎಬ್ಬಿಸಿದಳು. ರೆದೋನ್ ಅವಳಿಗೆ ಹೂಗಳನ್ನು ಧಾರಾಳವಾಗಿ ಕೊಟ್ಟಿದ್ದಾನೆ, ಅವುಗಳ ಹೆಸರನ್ನು ಮಾತ್ರ ಉಳಿಸಿಲ್ಲ.

೭. ಕೈಕಾಲಿಲ್ಲದ ಹೂವಿನ ಹುಡುಗಿ

ಹೂಗಳ ನಡುವಿನ ನಾಯಕಿಯನ್ನು ಕುರಿತು ಕನ್ನಡ ಜನಪದ ಕಥಾ ಪರಂಪರೆ ಹೇಳುವ ಅತ್ಯಂತ ಮಹತ್ವದ ಮಾತು ಹೂಮರವಾಗುವ ಹುಡುಗಿಯ ಕಥೆಯಲ್ಲಿದೆ. ಕರ್ನಾಟಕದಲ್ಲಿ ಇದರ ಹಲವು ಪಾಠಗಳು ಸಂಗ್ರಹವಾಗಿವೆ. ಎ.ಕೆ. ರಾಮಾನುಜನ್ (೧೯೨೯-೧೯೯೩) ಇದನ್ನು ಹೆಂಗಸರ ಕಥೆಯೆಂದು ಗುರುತಿಸಿ ವಿಶ್ಲೇಷಿಸಿದರು. ಅವರ ಮರಣಾನಂತರ ೧೯೯೭ರಲ್ಲಿ ಪ್ರಕಟವಾದ ಮೌಖಿಕ ಕಥೆಗಳ ಇಂಗ್ಲಿಷ್ ಸಂಕಲನಕ್ಕೆ ಈ ಕಥೆಯ ಹೆಸರನ್ನೇ ಇಡಲಾಗಿದೆ. ಗಿರೀಶ ಕಾರ್ನಾಡರ ‘ಚೆಲುವಿ’ (೧೯೯೨) ಚಲನಚಿತ್ರಕ್ಕೂ ೨೦೦೬ರಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ ಕಂಡ ಜಾನ್ ಆಡಮ್ಸ್‌ನ ಗೀತನಾಟಕಕ್ಕೂ ಇದೇ ಕಥೆ ಆಧಾರ.

ಕಥೆಯ ಹಂದರ ಹೀಗಿದೆ. ಬಡ ಮುದುಕಿಯ ಕಿರಿಯ ಮಗಳಿಗೆ ಹೂಬಿಡುವ ಮರವಾಗುವ ಶಕ್ತಿ ಇದೆ. ಅಕ್ಕ ಎರಡು ಕೊಡ ನೀರು ತಂದು, ಉಗುರು ತಾಕದಂತೆ ಒಂದು ಕೊಡವನ್ನು ಅವಳ ಮೇಲೆ ಸುರಿಯಬೇಕು. ಮರವಾದ ಮೇಲೆ ಕೊಂಬೆ ಮುರಿಯದಂತೆ, ಎಲೆ ಹರಿಯದಂತೆ ಹೂವನ್ನಷ್ಟೇ ಬಿಡಿಸಿಕೊಳ್ಳಬೇಕು. ಎರಡನೆಯ ಕೊಡ ಸುರಿದರೆ ಅವಳು ಮತ್ತೆ ಮನುಷ್ಯಳಾಗುತ್ತಾಳೆ. ಹೂವಿನ ಮಹಿಮೆಯನ್ನು ಕಂಡ ಅರಸುಮಗ ಅವಳನ್ನು ಮದುವೆಯಾಗುತ್ತಾನೆ. ರಾತ್ರಿ ರಾತ್ರಿ ಮರವಾಗೆಂದು ಒತ್ತಾಯಿಸುತ್ತಾನೆ. ಒಂದು ದಿನ ನಾದಿನಿ ಗೆಳತಿಯರೊಂದಿಗೆ ಅವಳನ್ನು ತೋಟಕ್ಕೆ ಕರೆದೊಯ್ದು ಮರವಾಗಿಸುತ್ತಾಳೆ. ಹುಡುಗಿಯರು ಹೂವಿನ ಆಸೆಗೆ ಕೊಂಬೆಗಳನ್ನು ಮುರಿಯುತ್ತಾರೆ, ಅಡ್ಡಾದಿಡ್ಡಿ ನೀರೆರಚಿ ಓಡಿಹೋಗುತ್ತಾರೆ. ನಾಯಕಿ ಕೈಕಾಲುಗಳಿಲ್ಲದ, ಮನುಷ್ಯಳೂ ಅಲ್ಲದ ಮರವೂ ಅಲ್ಲದ ಮುದ್ದೆಯಾಗಿ ಉಳಿಯುತ್ತಾಳೆ. ಬಹಳ ಕಾಲದ ಮೇಲೆ ಅರಸುಮಗ ಅವಳನ್ನು ಗುರುತಿಸುತ್ತಾನೆ. ನಡೆದುದನ್ನು ಅವಳ ಬಾಯಿಂದಲೇ ಕೇಳುತ್ತಾನೆ. ಅವಳನ್ನು ಮತ್ತೆ ಮರವಾಗಿಸಿ, ಮುರಿದ ಕೊಂಬೆಗಳನ್ನು ಜೋಡಿಸಿ ನೀರೆರೆದಾಗ ಅವಳು ಪೂರ್ಣಳಾಗುತ್ತಾಳೆ.

ಹೆಣ್ಣಿನ ಸೃಷ್ಟಿಶೀಲತೆಯೂ ಅವಳ ಅಸಹಾಯಕತೆಯೂ ಒಂದೇ ಗಳಿಗೆಯಲ್ಲಿ ಇರುತ್ತವೆಂಬುದು ರಾಮಾನುಜನ್ ಅವರ ಓದಿನ ತಿರುಳು. ಹೂಬಿಟ್ಟು ನಿಂತಾಗಲೇ ಅವಳು ತನ್ನನ್ನು ತಾನು ರಕ್ಷಿಸಿಕೊಳ್ಳಲಾರಳು. ಈ ಕಥೆಯನ್ನು ಒಫೀಲಿಯಾಳ ಕಥೆಯ ಮಗ್ಗುಲಿಗೆ ಇಟ್ಟರೆ ಎರಡರಲ್ಲಿಯೂ ಮುರಿದ ಕೊಂಬೆಯೊಂದು ಇರುವುದು ಕಾಣುತ್ತದೆ. ಗರ್ಟ್ರೂಡಳ ವರದಿಯಲ್ಲಿ ಕೊಂಬೆ ತಾನಾಗಿ ಮುರಿಯುತ್ತದೆ, ತಪ್ಪು ಮರದ್ದು. ಜನಪದ ಕಥೆಯಲ್ಲಿ ಕೊಂಬೆಯನ್ನು ಮುರಿದವರಿದ್ದಾರೆ. ಅವರು ಹೊರಗಿನವರಲ್ಲ, ಅರಮನೆಯವರೇ. ಹೂವನ್ನು ಮೆಚ್ಚಿದವರೂ ಮರವನ್ನು ಮುರಿದವರೂ ಒಂದೇ ಮನೆಗೆ ಸೇರಿದವರೆಂಬ ಅರಿವನ್ನು ಈ ಕಥೆ ಮುಚ್ಚಿಡುವುದಿಲ್ಲ. ಅದನ್ನು ಹೇಳುವ ಹಕ್ಕನ್ನು ನಾಯಕಿಗೇ ಕೊಡುತ್ತದೆ.

ಈ ಅಳತೆಗೋಲಿನಿಂದ ನೋಡಿದಾಗ ರೆದೋನ್‌ನ ಚಿತ್ರ ಒಂದು ವಿಚಿತ್ರವಾದ ನಡುನೆಲೆಯಲ್ಲಿ ನಿಲ್ಲುತ್ತದೆ. ಹೆಣ್ಣು ಹೂವಾಗುವ, ಹೂವು ಹೆಣ್ಣಾಗುವ ಗಳಿಗೆಯನ್ನು ಇಷ್ಟು ನಂಬುವಂತೆ ಕಾಣಿಸಿದ ಚಿತ್ರಗಳು ವಿರಳ. ಮರವಾಗುತ್ತಿರುವ ಚೆಲುವೆಯನ್ನು ಕಣ್ಣಿಗೆ ತಂದುಕೊಳ್ಳಲು ಯತ್ನಿಸುವವರಿಗೆ ಈ ಚಿತ್ರ ನೆರವಾಗಬಲ್ಲದು. ಆದರೆ ಅದರ ನಾಯಕಿಗೆ ಹೂವು ಹಂಚಿದ ಕೈಗಳ ಬಲ ಉಳಿದಿಲ್ಲ. ಜನಪದ ಕಥೆಯ ನಡುಭಾಗದಲ್ಲಿ ಕೈಕಾಲು ಕಳೆದುಕೊಂಡು ಬಿದ್ದ ಹುಡುಗಿಯ ಸ್ಥಿತಿಗೂ ಈ ಸ್ಥಿತಿಗೂ ಹೋಲಿಕೆಯಿದೆ. ಕಥೆ ಆ ಸ್ಥಿತಿಯನ್ನು ಗಾಯವೆಂದು ತಿಳಿದು ಮುಂದೆ ಸಾಗುತ್ತದೆ. ಚಿತ್ರ ಅದನ್ನೇ ಶಾಂತಿಯೆಂದು ತಿಳಿದು ಅಲ್ಲಿಯೇ ನಿಲ್ಲುತ್ತದೆ.

೮. ಹಸೆಗೋಡೆಯ ಮುಂದಿನ ಮದುವಣಗಿತ್ತಿ

ಕಥೆಯಂತೆಯೇ ಮಲೆನಾಡಿನ ಚಿತ್ರ ಪರಂಪರೆಯೂ ಇಲ್ಲಿ ವಿಚಾರಣೀಯ. ಸಾಗರ, ಹೊಸನಗರ, ಸೊರಬ, ಶಿರಸಿ ಸೀಮೆಗಳ ದೀವರ ಹೆಂಗಸರು ಮದುವೆಯ ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ ಇವು ಅದರ ಸಾಮಗ್ರಿ. ಗೆರೆಗಳು ಒಂದರೊಡನೊಂದು ಹೆಣೆದು ಆಗುವ ಚೌಕಟ್ಟಿನೊಳಗೆ ಬಾಸಿಂಗ, ಪೈರು, ಹಕ್ಕಿ ಮತ್ತು ಮದುಮಕ್ಕಳ ಪುಟ್ಟ ಆಕೃತಿಗಳು ಮೂಡುತ್ತವೆ. ಅಶ್ವಯುಜ ಮಾಸದ ಭೂಮಿ ಹುಣ್ಣಿಮೆಯಂದು ಬಸುರಿ ಭೂಮಿಗೆ ಬಯಕೆಯ ಊಟ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಹೆಂಗಸರು ಚಿತ್ತಾರ ಬರೆಯುತ್ತಾರೆ.

ರೆದೋನ್‌ನ ಪ್ಯಾಸ್ಟೆಲ್ ಅಂಚುಗಳನ್ನು ಅಳಿಸುತ್ತದೆ. ಹಸೆ ಚಿತ್ತಾರ ಗೆರೆಗಳಿಂದಲೇ ಬದುಕುತ್ತದೆ. ಇಷ್ಟು ವ್ಯತ್ಯಾಸವ ಇದ್ದರೂ ಎರಡಕ್ಕೂ ಸಮಾನವಾದ ಅಂಶವೊಂದಿದೆ: ಎರಡೂ ಹೆಣ್ಣನ್ನು ಭಾವಚಿತ್ರವಾಗಿ ಬರೆಯುವುದಿಲ್ಲ. ಹಸೆಗೋಡೆಯ ಮದುವಣಗಿತ್ತಿಗೆ ಮುಖಲಕ್ಷಣವಿಲ್ಲ. ಅವಳು ಯಾರೆಂಬುದು ಗೋಡೆಯಿಂದ ತಿಳಿಯುವುದಿಲ್ಲ, ಗೋಡೆಯ ಮುಂದೆ ಬಂದು ಕೂರುವ ಹುಡುಗಿಯಿಂದ ತಿಳಿಯುತ್ತದೆ. ಜೀವಂತ ಹೆಣ್ಣು ಬಂದು ಕುಳಿತಾಗ, ಸುತ್ತಲಿನ ಹೆಂಗಸರು ಹಾಡಿದಾಗ ಮಾತ್ರ ಆ ಚಿತ್ರ ಪೂರ್ಣ. ರೆದೋನ್‌ನ ಚಿತ್ರಕ್ಕೆ ನಾಯಕಿ ಬರಬೇಕಾಗಿಲ್ಲ. ನೋಡುವವನು ಬಂದರೆ ಸಾಕು. ಒಂದು ಹೆಂಗಸರೇ ತಮ್ಮ ಬದುಕಿನ ಸಂಧಿಕಾಲಕ್ಕೆ ಬರೆದುಕೊಳ್ಳುವ ಚಿತ್ರ. ಇನ್ನೊಂದು ಬೇರೆಯವರು ಕಂಡ ಹೆಣ್ಣಿನ ಚಿತ್ರ. ಈ ಭೇದವನ್ನು ಎತ್ತಿ ಹೇಳಿದರೆ ರೆದೋನ್‌ನ ಕಲಾವಂತಿಕೆಗೆ ಕುಂದಾಗುವುದಿಲ್ಲ. ಅವನ ಚಿತ್ರ ಎಲ್ಲಿ ನಿಂತು ನೋಡುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ.

೯. ನೀರು

ಚಿತ್ರದ ನೀರಿನ ಬಗೆಗೂ ಇದೇ ಮಾತು ಸಲ್ಲುತ್ತದೆ. ಕನ್ನಡದ ಪ್ರಸಿದ್ಧ ಕಥನಗೀತೆ ‘ಕೆರೆಗೆ ಹಾರ’ದಲ್ಲಿ ಕಿರಿಸೊಸೆ ಭಾಗೀರಥಿ ನೀರಿನ ಪಾಲಾಗುತ್ತಾಳೆ. ಮರೆತ ಬಂಗಾರದ ಬಟ್ಟಲಿಗಾಗಿ ಅವಳನ್ನು ಹಿಂದಕ್ಕೆ ಕಳಿಸಿದವರು ಮನೆಯ ಹಿರಿಯರು. ನೀರು ಪಾದದಿಂದ ಮೇಲಕ್ಕೆ ಹಂತಹಂತವಾಗಿ ಏರುವುದನ್ನು ಹಾಡು ಎಣಿಸಿ ಹೇಳುತ್ತದೆ. ಸಾವನ್ನು ಸುಂದರವಾಗಿಸಲು ಅದಕ್ಕೆ ಪುರುಸೊತ್ತಿಲ್ಲ.

ಶರಾವತಿಯ ಸೀಮೆಯಲ್ಲಿ ಈ ಅರಿವಿಗೆ ಇನ್ನೊಂದು ಪದರವೂ ಸೇರಿದೆ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ, ಹೊಸನಗರ ತಾಲ್ಲೂಕುಗಳ ಹಲವು ಊರುಗಳು ನೀರಿನಡಿ ಸೇರಿದವು. ಆಮೇಲೆ ನಗರದ ಸಮೀಪದಲ್ಲಿಯೇ ಚಕ್ರಾ, ಸಾವೆಹಕ್ಲು ಜಲಾಶಯಗಳು ಬಂದವು. ‘ಮುಳುಗಡೆ’ ಎಂಬ ಪದ ಇಲ್ಲಿನ ನಿತ್ಯದ ಮಾತು. ಇಲ್ಲಿನವರ ಕಣ್ಣಿಗೆ ನಿಂತ ನೀರಿನ ನೀಲಿ ಚೆಲುವಾಗಿ ಕಾಣುವಾಗಲೇ ಅದರ ಕೆಳಗೆ ಏನಿತ್ತೆಂಬ ನೆನಪೂ ಏಳುತ್ತದೆ. ರೆದೋನ್‌ನ ನೀಲಿ ಆ ಕೆಳಗನ್ನು ಕಾಣಿಸುವುದಿಲ್ಲ.

೧೦. ಸಮಾರೋಪ

ಮೇಲಿನ ವಿವೇಚನೆಯಿಂದ ರೆದೋನ್‌ನ ಚಿತ್ರವನ್ನು ಕುರಿತು ಕೆಲವು ನಿಲುವುಗಳಿಗೆ ಬರಬಹುದು. ಸತ್ತ ಹೆಣ್ಣಿನ ದೇಹವನ್ನು ಪ್ರದರ್ಶನಕ್ಕಿಡುವ ತನ್ನ ಶತಮಾನದ ಅಭ್ಯಾಸದಿಂದ ಅವನು ಹೊರಬಂದನು ಎಂಬುದು ಚಿತ್ರದ ದೊಡ್ಡ ಹಿರಿಮೆ. ಮಿಲೇಯ ತೊಟ್ಟಿಯಿಂದ ಒಫೀಲಿಯಾಳನ್ನು ಮೇಲೆತ್ತಿ ಹೂವಿನೊಳಗೆ ಜೀವಂತವಾಗಿಟ್ಟವನು ರೆದೋನ್. ಹೂವಿಗೂ ಮುಖಕ್ಕೂ ಭೇದವಿಲ್ಲದ ಲೋಕವೊಂದನ್ನು ಕಾಣಿಸುವುದರಲ್ಲಿ ಅವನು ವಿಜ್ಞಾನದ ಕುತೂಹಲವನ್ನೂ ಕನಸಿನ ಸತ್ಯವನ್ನೂ ಕೂಡಿಸಿದನು. ನಮ್ಮ ಹೂಮರದ ಕಥೆಗೆ ಅವನ ಚಿತ್ರ ಇಷ್ಟು ಹತ್ತಿರ ಬರಲು ಇದೇ ಕಾರಣ.

ಚಿತ್ರದ ಮಿತಿಯೂ ಅಲ್ಲಿಯೇ ಇದೆ. ಕೊಂಬೆಯನ್ನು ತೆಗೆದುಹಾಕಿದ್ದರಿಂದ ಕೊಂಬೆ ಮುರಿದವರಾರೆಂಬ ಪ್ರಶ್ನೆಯೂ ಹೊರಟುಹೋಯಿತು. ಹೂವಿನ ಹೆಸರುಗಳನ್ನು ಕರಗಿಸಿದ್ದರಿಂದ ಅವುಗಳ ಮೂಲಕ ಮಾತನಾಡಿದ ನಾಯಕಿಯ ದನಿಯೂ ಕರಗಿತು. ಈ ಪ್ರಶ್ನೆಯನ್ನು ಉಳಿಸಿಕೊಂಡಿರುವುದು ಹೆಂಗಸರು ಹೆಂಗಸರಿಗೆ ಹೇಳಿದ ಕಥೆ. ಒಫೀಲಿಯಾಳನ್ನು ಬಿದನೂರಿಗೆ ಕರೆತಂದ ಕುವೆಂಪು ಅವಳಿಗೆ ರುದ್ರನ ಹೆಸರನ್ನು ಕೊಟ್ಟು, ನಾಟಕಕ್ಕೆ ನೆತ್ತರುಗಣ್ಣಿನ ಶೀರ್ಷಿಕೆ ಇಟ್ಟದ್ದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ರೆದೋನ್‌ನ ನಾಯಕಿಗೆ ಕನಸಿನ ಮುಖ; ಮಲೆನಾಡಿಗೆ ಬಂದ ನಾಯಕಿಯ ನಾಟಕಕ್ಕೆ ಕೆಂಪಾದ ಕಣ್ಣಿನ ಹೆಸರು. ಸುಮಾರು ಕಾಲು ಶತಮಾನದ ಅಂತರದಲ್ಲಿ ಒಂದೇ ಪಾತ್ರಕ್ಕೆ ದೊರೆತ ಈ ಎರಡು ರೂಪಗಳನ್ನು ಜೊತೆಯಲ್ಲಿಟ್ಟು ಓದುವುದು ತೌಲನಿಕ ಅಧ್ಯಯನಕ್ಕೆ ಫಲಕಾರಿಯಾದ ದಾರಿ.

ಮಲೆನಾಡಿನ ಹೂವಿನ ಹೆಸರುಗಳು, ಹಸೆಯ ಹಾಡುಗಳು, ಹೂವು ಮುಡಿಸುವ ಶಾಸ್ತ್ರದ ಪದಗಳು ಇವನ್ನು ಬಲ್ಲ ಹಿರಿಯ ಹೆಂಗಸರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಚಿತ್ರಶಾಲೆಯಲ್ಲಿ ಕಾಪಾಡಿದ ಪ್ಯಾಸ್ಟೆಲ್ ನೂರು ವರ್ಷಗಳ ಅನಂತರವೂ ಅದೇ ಬಣ್ಣದಲ್ಲಿ ಉಳಿಯಬಲ್ಲದು. ಬಾಯಿಂದ ಬಾಯಿಗೆ ಬರುವ ಹೆಸರು ಹೇಳುವವರಿಲ್ಲದಾಗ ಒಂದೇ ತಲೆಮಾರಿನಲ್ಲಿ ಅಳಿಯುತ್ತದೆ. ಹೂಮರದ ಹುಡುಗಿ ತನ್ನ ಅಕ್ಕನಿಗೆ ಹೇಳಿದ ಎಚ್ಚರಿಕೆ ಸಂಗ್ರಹಕಾರರಿಗೂ ಅನ್ವಯಿಸುತ್ತದೆ: ಹೂವನ್ನು ಬಿಡಿಸಿಕೊಳ್ಳಬೇಕು, ಕೊಂಬೆ ಮುರಿಯಬಾರದು. ಹಾಡಿದವರ ಹೆಸರು, ಹಾಡಿದ ಸಂದರ್ಭ, ಹೂವಿಗೆ ಅವರಿಟ್ಟ ಹೆಸರು ಇವೆಲ್ಲ ಸೇರಿ ದಾಖಲಾದಾಗ ಮಾತ್ರ ಹೂಗಳ ನಡುವಿನ ನಾಯಕಿಯ ಮಾತು ಮುಂದಿನವರಿಗೆ ಕೇಳಿಸೀತು.